ಬಿಳಿಯ ಪಾಲು

ಫರ್ವಾನಿಯಾ. ನಾಲ್ಕನೇ ಮಾಳಿಗೆ. ಲಿಫ್ಟು ಕೆಟ್ಟಿದೆ.
ಹೊರಗೆ ನಲವತ್ತೊಂಬತ್ತು ಡಿಗ್ರಿ,
ಒಳಗೆ ಏಸಿ ಹದಿನೆಂಟಕ್ಕೆ ಸಿಕ್ಕಿಕೊಂಡು
ರಿಮೋಟು ಮಾಲೀಕನ ಕಿಸೆಯಲ್ಲಿ.
ಹೀಗಾಗಿ ಜುಲೈ ತಿಂಗಳಲ್ಲಿ, ಕುವೈತಿನಲ್ಲಿ,
ನನಗೊಂದು ಕೌದಿ ಬೇಕಾಯಿತು.

ದಿಶ್‌ದಾಶ ಹೊಲಿಯುವ ಅಂಗಡಿಯಲ್ಲಿ
ನಾನು ಕಾಜಾ-ಗುಂಡಿಯವಳು.
ಕತ್ತರಿಯ ಕೆಳಗೆ ಬೀಳುವುದೆಲ್ಲ ಬಿಳಿ:
ಸುಣ್ಣದ ಬಿಳಿ, ಕೆನೆಯ ಬಿಳಿ, ಜೋಳದ ಹಿಟ್ಟಿನ ಬಿಳಿ,
ಬೆಳಕಿಗೆ ಹಿಡಿದರಷ್ಟೇ
ನೀಲಿಯೆಂದು ಒಪ್ಪಿಕೊಳ್ಳುವ ಬಿಳಿ.
ಕಟಿಂಗ್ ಮಾಸ್ತರ್ ಇಸ್ರಾರ್ ಭಾಯಿ ಕೇಳಿದ,
ಇಷ್ಟೊಂದು ಯಾಕೆ, ಕಫನಿಗಾ?
ಹೊದೆಯೋಕೆ, ಅಂದೆ.
ನಕ್ಕು ಚೀಲ ತುಂಬಿಕೊಟ್ಟ.

ಗಜೇಂದ್ರಗಡದ ನಮ್ಮ ಸೋದರತ್ತೆ ತಿರಕವ್ವ
ಕೌದಿಯಲ್ಲಿ ಬೆರಳಗಲ ಬಯಲು ಬಿಟ್ಟವಳಲ್ಲ.
ಇಳಕಲ್ ಸೆರಗು, ಗಂಡನ ಪಟಗ, ಕೂಸಿನ ಕುಂಚಿಗೆ,
ಚುನಾವಣೆಯ ಬ್ಯಾನರು ಸಹ,
ಚಿಹ್ನೆ ಮಾತ್ರ ಒಳಮಗ್ಗಲಿಗೆ.
ಸಂದು ಸಿಕ್ಕರೆ ಥಂಡಿ ಮನೆ ಮಾಡ್ತದವ್ವ, ಅನ್ನುವಳು.
ಕೊನೆಯ ಮೂಲೆಯಲ್ಲಿ ರೊಟ್ಟಿಯ ಚೂರಿಟ್ಟು
ಬಾಯಿ ಹೊಲಿಯುವಳು:
ಹಸಿದ ಕೌದಿ ಯಾರಿಗೂ ಕೊಡಬಾರದು.

ನನ್ನ ಬಳಿ ಬಣ್ಣವೆಂದರೆ ಐದೇ ಚೂರು.
ಮೂರು, ಹರಿದ ಕುಪ್ಪಸದ ಕೆಂಪು;
ಎರಡು, ಎಮೆಬೆತ್‌ಳ ಶಾಲಿನ ಅಂಚು.

ಎಮೆಬೆತ್ ಅಂದರೆ ಈ ಮಂಚದ ಹಗಲು.
ರಾತ್ರಿ ನಾನು.
ಬಾಡಿಗೆ ಅರ್ಧರ್ಧ.
ಆಸ್ಪತ್ರೆಯ ನೆಲ ಒರೆಸಿ ಅವಳು ಮೆಟ್ಟಿಲು ಹತ್ತುವಾಗ
ನಾನು ಇಳಿಯುತ್ತಿರುತ್ತೇನೆ;
ಎರಡನೇ ಮಾಳಿಗೆಯ ತಿರುವಿನಲ್ಲಿ
ಬೀಗದ ಕೈ ಕೈ ಬದಲಿಸುತ್ತದೆ.
ನಾನೆದ್ದ ತಗ್ಗು ಆರುವ ಮೊದಲೇ
ಅವಳು ಅದರಲ್ಲಿ ನಿದ್ದೆಹೋಗಿರುತ್ತಾಳೆ.

ಶುಕ್ರವಾರ ನೆಲದ ಮೇಲೆ ಬಿಳಿ ಹಾಸಿ
ಚೂರುಗಳನ್ನಿಟ್ಟು ನೋಡಿದೆ.
ನಡುವೆ ಇಟ್ಟರೆ ಕುಂಕುಮದ ಬೊಟ್ಟು,
ಮೂಲೆಗೊಂದಿಟ್ಟರೆ ಮದುವೆಯ ಹಂದರ,
ಸಾಲಾಗಿ ಇಟ್ಟರೆ ರೇಷನ್ ಅಂಗಡಿ.
ಒಂದು ತೆಗೆದೆ. ಉಳಿದ ನಾಲ್ಕು ದನಿ ಎತ್ತಿದವು.
ಇನ್ನೊಂದು ತೆಗೆದೆ.
ಮೂರು ಉಳಿದವು, ಎಡಕ್ಕೆ, ಕೆಳಗೆ,
ಬಸ್ಸು ತಪ್ಪಿಸಿಕೊಂಡವರ ಹಾಗೆ ಒತ್ತಿ ನಿಂತು.
ಮಿಕ್ಕದ್ದೆಲ್ಲ ಬಯಲು.

ಮಂಚದ ಮೇಲಿಂದ ಒಂದು ಕಣ್ಣು ತೆರೆದು
ನಮ್ಮಿಬ್ಬರಿಗೂ ಸಾಲದ ಅರಬ್ಬಿಯಲ್ಲಿ ಎಮೆಬೆತ್:
ಖಲಾಸ್? ಬಟ್ಟೆ ಮುಗಿಯಿತಾ?
ಮಾಫಿ ಖಲಾಸ್, ಅಂದೆ. ಮುಗಿದಿಲ್ಲ. ಬಿಟ್ಟದ್ದು.
ಅವಳು ಆ ಕಡೆ ಹೊರಳಿದಳು.

ಬಿಟ್ಟದ್ದು ಅಂದೆನಲ್ಲ,
ಬಿಟ್ಟ ಜಾಗವೇ ನನ್ನನ್ನು ಬಿಡಲಿಲ್ಲ.
ಹೂವಿನ ಬಟ್ಟೆಯ ಮೇಲೆ ಡೊಂಕು ಹೊಲಿಗೆ ಅಡಗುತ್ತದೆ,
ಬಿಳಿಯ ಮೇಲೆ ಎಲ್ಲಿಗೆ ಹೋದೀತು?
ಏನೂ ಇಲ್ಲದ ಕಡೆ ಹನ್ನೊಂದು ಉಂಡೆ ನೂಲು ಹಿಡಿಯಿತು.
ತಿರಕವ್ವ ಅಂಚಿನಿಂದ ಒಳಕ್ಕೆ ನಡೆಯುವಳು, ಮನೆಗೆ ಬಂದಂತೆ.
ನಾನು ಮೂರು ಚೂರಿನ ಸುತ್ತ ಒಂದು ಗೆರೆ,
ಅದರ ಸುತ್ತ ಇನ್ನೊಂದು,
ಬಾವಿಗೆ ಕೊಡ ಬಿದ್ದಂತೆ
ಅಗಲಿಸುತ್ತ, ಅಗಲಿಸುತ್ತ ಹೊರಗೆ.
ನೇರ ನೋಡಿದರೆ ಏನೂ ಕಾಣದು.
ಟ್ಯೂಬ್‌ಲೈಟಿಗೆ ಓರೆ ಹಿಡಿದರೆ
ನಾಲ್ಕು ತಿಂಗಳ ರಾತ್ರಿ ಎದ್ದು ನಿಲ್ಲುತ್ತದೆ.

ಅವಳು ತಲೆ ಹಾಕುವುದು ಆ ಕಡೆಗೆ, ನಾನು ಈ ಕಡೆಗೆ.
ನನ್ನ ಪಾದದ ಬಳಿಯ ಬಣ್ಣ
ಹಗಲಿಗೆ ಅವಳ ಗದ್ದದ ಬಳಿ.
ಬಿಳಿ ಯಾರ ಪಾಲಿಗೆಂದು ನಾವು ಹಂಚಿಕೊಂಡಿಲ್ಲ.

ಕೊನೆಯ ಮೂಲೆಗೆ ಖುಬ್ಬುಸಿನ ಚೂರೊಂದನ್ನಿಟ್ಟು
ಅರ್ಧ ಹೊಲಿದಿದ್ದೆ, ಅಷ್ಟರಲ್ಲಿ ಅಲಾರಾಂ.
ಸೂಜಿ ಅಲ್ಲೇ ಚುಚ್ಚಿ ಓಡಿದೆ.
ಸಂಜೆ ಬಂದು ನೋಡಿದರೆ ಬಾಯಿ ಮುಚ್ಚಿದೆ,
ಕಪ್ಪು ದಾರ, ದೊಡ್ಡ ದೊಡ್ಡ ಹೆಜ್ಜೆ,
ಒಂದಕ್ಕೊಂದು ಹೊಂದದ್ದು.
ಬಿಚ್ಚಬೇಕೆಂದು ಕತ್ತರಿ ಎತ್ತಿಕೊಂಡಿದ್ದೆ.
ಬೆರಳಿಗೆ ಏನೋ ಗಟ್ಟಿ ತಗಲಿತು.
ಮೂಗಿಗೆ ಹಿಡಿದೆ:
ಹುರಿದ ಕಾಫಿ ಬೀಜ.

ಕತ್ತರಿ ಕೆಳಗಿಟ್ಟು ಹೊದ್ದು ಮಲಗಿದೆ.
ಇರುವೆ ಇನ್ನೂ ಬಂದಿಲ್ಲ.