ತಾಲೀಮು

ಪ್ರಶಸ್ತಿ ನಾಳೆ. ಇವತ್ತು ತಾಲೀಮು ಮಾತ್ರ.
ಮನಾಮದ ಹೋಟೆಲಿನ ದೊಡ್ಡ ಹಾಲು,
ಆರುನೂರು ಕುರ್ಚಿಗೆ ಬಿಳಿ ಅಂಗಿ ತೊಡಿಸಿ ಮುಗಿಸುವಾಗ
ರಾತ್ರಿ ಹನ್ನೊಂದೂವರೆ.

ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡ ರೀಮಾ ಮೇಡಂ
ನಮ್ಮನ್ನು ಸಾಲಾಗಿ ನಿಲ್ಲಿಸಿ ಕಣ್ಣಲ್ಲೇ ಅಳೆದರು:
ನೀನು ಈಜುಗಾರ. ನೀನು ಭಾರ ಎತ್ತುವವ.
ಒಂದು ಚೀಲ ಈರುಳ್ಳಿಗೇ ಸೊಂಟ ಹಿಡಿಯುವ ಸಿಲೆಟ್ಟಿನ ಮೋತಾಲೆಬ್
ಭುಜ ಹಿಗ್ಗಿಸಿ ನಿಂತ.
ಎಂಟುನೂರು ಮೀಟರಿನ ಮುನೀರಾ ಆದವಳು
ಲಾಂಡ್ರಿಯ ಜೊಸೆಲಿನ್.
ನನ್ನ ಪಾಲಿಗೆ ಬಂದದ್ದು ವರ್ಷದ ಅತ್ಯುತ್ತಮ ತರಬೇತುದಾರ.
"ಎತ್ತರ ಸರಿಯಿದೆ. ಸ್ವಲ್ಪ ಕುಂಟು.
ಉಸ್ತಾದ್ ಖಲ್ಫಾನರಿಗೆ ಎಡ ಮೊಣಕಾಲು ನೋವು,
ಮೆಟ್ಟಿಲಿಗೆ ಎಷ್ಟು ಸಂಗೀತ ಬೇಕೋ ನೋಡಬೇಕು."

ಕುಂಟಿದೆ.
ಗಂಗೊಳ್ಳಿಯ ವಾಮನ ಖಾರ್ವಿ,
ತೂಗಾಡುವ ದೋಣಿಯ ಅಂಚಿನ ಮೇಲೆ ಬರಿಗಾಲಲ್ಲಿ ಓಡಿದವ,
ಐದು ಮೆಟ್ಟಿಲಿಗೆ ಹದಿನಾಲ್ಕು ಸೆಕೆಂಡು ತೆಗೆದುಕೊಂಡೆ.
"ಚೆನ್ನಾಗಿದೆ. ಇನ್ನೊಮ್ಮೆ."

ಮೈಕು ನನ್ನದಲ್ಲದ ಹೆಸರನ್ನು
ಗಂಟಲು ತುಂಬಿ ಕರೆಯಿತು.
ಟ್ರೋಫಿ ಇನ್ನೂ ಬಂದಿರಲಿಲ್ಲ; ಬದಲಿಗೆ
ಒಂದೂವರೆ ಲೀಟರಿನ ನೀರಿನ ಬಾಟಲಿ.
ಎರಡೂ ಕೈಯಲ್ಲಿ ತಗೊಂಡೆ.
ಮಧ್ಯಾಹ್ನ ನಾನೇ ಅಂಟಿಸಿದ್ದ ಹಳದಿ ಟೇಪಿನ ಕತ್ತರಿ ಗುರುತಿನ ಮೇಲೆ
ಅಲ್ಲಾಡದೆ ನಿಂತೆ.
ಮೇಲಿನಿಂದ ದೀಪ ತಡಕಾಡುತ್ತ ಬಂದು
ಮುಖವನ್ನು ಹಿಡಿದು
ಅಲ್ಲಿಗೇ ಬೀಗ ಹಾಕಿಕೊಂಡಿತು.

ಆ ಬೆಳಕಲ್ಲಿ ನಿಂತವರಿಗೆ ಏನೂ ಕಾಣುವುದಿಲ್ಲ.
ಕುರ್ಚಿಗಳು ಹೋದವು. ಮೋತಾಲೆಬ್ ಹೋದ.
ನೆನಪಾದವನು ಬಾಬಣ್ಣ ತಾಂಡೇಲ.
"ಎಳಿ ಮರಾಯಾ, ಎಳಿ, ನಿದ್ರಿಯಾ?"
ಬೈಯುವುದು ಬಿಟ್ಟು ಬೇರೇನೂ ಕಲಿಸಿದವನಲ್ಲ,
ಕೈ ಮಾತ್ರ ಇವತ್ತಿಗೂ ಅದೇ ತಾಳಕ್ಕೆ ಎಳೆಯುತ್ತದೆ,
ಬಲೆಯಲ್ಲದಿದ್ದರೆ ಮೇಜುಬಟ್ಟೆ.
ಒಂದು ಸಲ, ಒಂದೇ ಸಲ,
ನಾನು ಹಾಕಿದ ಗಂಟನ್ನು ಬೆರಳಲ್ಲಿ ಜಗ್ಗಿ ನೋಡಿ
ಏನೂ ಹೇಳದೆ
ಬೀಡಿ ಹಚ್ಚಿದ್ದ.

"ಸಾಕು, ಇಳಿ," ಎಂದರು ಮೇಡಂ.
ಕುಂಟುತ್ತಲೇ ಇಳಿದೆ. ಯಾಕೋ.

ಮರುದಿನ ನಾನು ಬಾಗಿಲ ಬಳಿ, ಕೈಯಲ್ಲಿ ಕಹ್ವಾದ ಹೂಜಿ.
ಹಾಲಿನ ತುಂಬ ಊದ್ ಹೊಗೆ, ಅತ್ತರು, ಇಸ್ತ್ರಿಯ ಗೆರೆಗಳು.
ಈಜುಗಾರ ನಿಜಕ್ಕೂ ಎಳೆಯ ಹುಡುಗ, ಹಲ್ಲಿಗೆ ತಂತಿ ಕಟ್ಟಿಸಿಕೊಂಡಿದ್ದ.
ಉಸ್ತಾದ್ ಖಲ್ಫಾನ್ ಕುಂಟಲಿಲ್ಲ.
ಹಲ್ಲು ಕಚ್ಚಿ ಹತ್ತಿದರು, ಏಳೇ ಸೆಕೆಂಡು;
ಹತ್ತಿ ನಿಂತ ಮೇಲೂ ಸಂಗೀತ ಮುಗಿಯದೆ
ಒಬ್ಬಂಟಿಯಾಗಿ ನುಡಿಯುತ್ತಿತ್ತು.

ನನಗಿಂತ ನಾಲ್ಕು ಬೆರಳು ಗಿಡ್ಡ ಅವರು.
ನನ್ನ ಮುಖಕ್ಕೆಂದು ಇಟ್ಟ ಬೆಳಕು
ಅವರ ತಲೆವಸ್ತ್ರದ ಕಪ್ಪು ಸುರುಳಿಗೆ ಬಿತ್ತು.
ಮುಖ ಕತ್ತಲಲ್ಲಿ ಉಳಿಯಿತು.
ಕತ್ತೆತ್ತಿ ಹುಡುಕಿದರು,
ಮೈದಾನದ ಗಡಿಯಾರ ನೋಡುವವರ ಹಾಗೆ ಕಣ್ಣು ಕಿರಿದು ಮಾಡಿ.

ಆಗ ಪಕ್ಕದಲ್ಲಿದ್ದ ಮುನೀರಾ,
ಹನ್ನೊಂದು ವರ್ಷ, ಪ್ರತಿ ಮುಂಜಾವ,
ಓಟದ ಗೆರೆಯ ಪಕ್ಕದಿಂದ
"ಮುಂದೆ! ಇನ್ನೂ ಮುಂದೆ!" ಎಂಬುದನ್ನೇ ಕೇಳಿರಬೇಕಾದವಳು,
ಬಾಗಿ ಅವರ ಕಿವಿಯಲ್ಲೇನೋ ಅಂದಳು.
ನನಗೆ ಅರಬಿ ಅಷ್ಟು ಬಾರದು, ತುಟಿ ಸಾಕಾಯಿತು:
ಅರ್ಧ ಹೆಜ್ಜೆ ಹಿಂದೆ, ಉಸ್ತಾದ್.

ಹೇಳಿದಂತೆ ಕೇಳಿದರು.
ಬೆಳಕು ಹಣೆಯಿಂದ ಇಳಿದು, ಗಡ್ಡಕ್ಕೆ ಬಂತು.
ಹಾಲು ಎದ್ದು ನಿಂತಿತು.
ನಾನು ಯಾರದೋ ಬಟ್ಟಲಿಗೆ ಸುರಿಯುತ್ತ ಸುರಿಯುತ್ತ
ತಟ್ಟೆಯನ್ನೂ ತುಂಬಿಸಿದ್ದೆ.

ಎರಡು ಗಂಟೆಗೆ ಟೇಪು ಕಿತ್ತೆ. ಅಂಟು
ಉಗುರಿನ ಸಂದಿಯಲ್ಲಿ ಉಳಿಯಿತು.
ನೀರಿನ ಬಾಟಲಿ ಎಲ್ಲಿ ಎಂದು ಹುಡುಕಿದರೆ,
ಮೆಟ್ಟಿಲ ಹಿಂದೆ ಸೊಂಟ ಹಿಡಿದು ಕೂತ ಮೋತಾಲೆಬ್
ಖಾಲಿ ಬಾಟಲಿಯನ್ನು ಎರಡೂ ಕೈಯಲ್ಲಿ
ತಲೆಯ ಮೇಲೆತ್ತಿ ತೋರಿಸಿದ.