ಮಾಫಿಯ ಖಾನೆ

ಮಹಾಪಾಲಿಕೆ ಗೇಟಿನ ಹೊರಗೆ, ಬೇವಿನ ಬುಡದಲ್ಲಿ ನನ್ನ ಮೇಜು.
ಮೂರು ಕಾಲು ಅದರವು, ನಾಲ್ಕನೆಯದು ಇಟ್ಟಿಗೆ.
ಸೊಲ್ಲಾಪುರದ ಕನ್ನಡವನ್ನು ಮರಾಠಿ ಅರ್ಜಿಗೆ ಇಳಿಸಿ
ಹಾಳೆಗೆ ಇಪ್ಪತ್ತು ರೂಪಾಯಿ ಇಸಿದುಕೊಳ್ಳುವ ಕಸುಬು.
ಜನನ, ಮರಣ, ನಳ, ಮನೆಪಟ್ಟಿ.
ಈ ವರ್ಷ ಹೊಸದಾಗಿ ನಾಯಿ, ಬೆಕ್ಕು.

ಸುಗಲವ್ವ ಹತ್ತೂರೆ ಬಂದಳು.
ಹಳೆ ಸೀರೆಯ ಅಂಚು ಹೊಸೆದ ಹಗ್ಗ, ತುದಿಗೆ ಕೆಂಚು ನಾಯಿ;
ಬಗಲಲ್ಲಿ ಬುಟ್ಟಿ, ಬುಟ್ಟಿಯಿಂದ ಹೊರಗೆ
ಬರೀ ಒಂದು ಬಾಲ.

ಹೆಸರು?
‘ನಂದೋ, ನಾಯೀದೋ?’
ನಾಯೀದು.
‘ಭೋಂಗಾ.’

ಪೆನ್ನು ನಿಂತಿತು.
ಆ ಶಬ್ದ ಕೇಳಿ ಎಷ್ಟು ವರ್ಷವಾಯಿತು!
ಪಾಳಿ ಬದಲಾಗುವಾಗ ಇಡೀ ಪೇಟೆಯ ಎದೆಯೊಳಗೆ
ಕೂಗಿ ಹೋಗುತ್ತಿದ್ದ ಗಿರಣಿಯ ಭೋಂಗಾ.

‘ಮುಂಜಾನೆ ಏಳಕ್ಕ ಮಾರಿ ಮ್ಯಾಲ ಮಾಡಿ ಊಳತೈತ್ರಿ.
ಯಾರೂ ಕಲಿಸಿಲ್ಲ. ಇದು ಹುಟ್ಟೂಮುಂದ
ಗಿರಣಿ ಜಾಗಾದಾಗ ಬರೇ ಜಾಲಿ ಇತ್ತು.
ಬಾಜೂ ಮನ್ಯಾಂವ ತಕರಾರು ಕೊಟ್ಟಾನ, ಅದಕ್ಕ ಬಂದೀನಿ.’

ನಿಯಮದ ಹಾಳೆಯನ್ನು ಕನ್ನಡ ಮಾಡುತ್ತ ಓದಿದೆ:
ನಾಯಿಗೆ ವರ್ಷಕ್ಕೆ ಐದುನೂರು, ಬೆಕ್ಕಿಗೆ ಇನ್ನೂರು.
ಮರಿ ಆಗದಂತೆ ಮಾಡಿಸಿದ ಚೀಟಿ ತಂದರೆ ಅರ್ಧ.
ಮೂರು ತಿಂಗಳ ಒಳಗಿನ ಮರಿಗೆ ಮಾಫಿ.
ಕಣ್ಣಿಲ್ಲದವರನ್ನು ನಡೆಸುವ ನಾಯಿಗೆ ಮಾಫಿ.
ಪೊಲೀಸರ ನಾಯಿಗೆ ಮಾಫಿ.

‘ಮಾಫಿ ಅಂದ್ರ,
ಯಾರು ಯಾರನ್ನ ಮಾಫ್ ಮಾಡೂದ್ರಿ?’

ರೊಕ್ಕ ಬಿಡುವುದಷ್ಟೇ ಅವ್ವಾ, ಅನ್ನಬೇಕಿತ್ತು. ಅನ್ನಲಿಲ್ಲ.

‘ನಮ್ಮಾಂವಗ ಗಿರಣಿಯವರು ಫಂಡು ಕೊಡಲೇ ಇಲ್ಲ.
ಕಡೀಕ ಹಾಸಿಗಿ ಹಿಡದಾಗ ಅಂದ:
ಹೋಗಲಿ ಬಿಡು, ಅವರನ್ನ ಮಾಫ್ ಮಾಡೇನಿ.
ಅವರಿಗೆ ಅದು ಗೊತ್ತೂ ಇಲ್ಲ.
ಆ ಮಾಫಿಗೆ ಇದರಾಗ ಖಾನೆ ಐತೇನ್ರಿ?’

ಬೆಕ್ಕಿನ ಅರ್ಜಿ ಎಳೆದುಕೊಂಡೆ.
ಮಾಲಕರ ಹೆಸರು?

‘ಮುಂಜಾನೆ ನಂದು.
ಮಧ್ಯಾಹ್ನ ರಾಜವ್ವ ಗಜ್ಜಮ್‌ಳ ಬೀಡಿ ಎಲೀ ಮೊರದಾಗ ಮಲಗತೈತಿ,
ಅಲ್ಲಿ ತೆಲುಗಿನ್ಯಾಗ ಕರದ್ರ ಓ ಅಂತೈತಿ.
ರಾತ್ರಿ ಹಾಲು ದಸ್ತಗೀರ ಸಾಬರದು.’

ಇನ್ನೂರನ್ನು ಮೂರರಿಂದ ಭಾಗಿಸಿದೆವು, ಇಬ್ಬರೂ ಕೂತು:
ತಲೆಗೆ ಅರವತ್ತಾರು ರೂಪಾಯಿ, ಅರವತ್ತಾರು ಪೈಸೆ.
ಎರಡು ಪೈಸೆ ಉಳಿಯಿತು.
‘ಅದು ಬೆಕ್ಕಿಂದು,’ ಅಂದಳು.

ಕಿಟಕಿಯಲ್ಲಿ ಕಾರಕೂನ ವಾಘಮೋಡೆ.
ನಾಯಿಗೆ ಕಟ್ಟುವ ಬಿಲ್ಲೆಗೆ ಬೇರೆ ಐವತ್ತು.
ಸುಗಲವ್ವ ಎಲೆಅಡಿಕೆಯ ಸಂಚಿ ಬಿಚ್ಚಿ,
ಸುಣ್ಣದ ಡಬ್ಬಿಯ ಕೆಳಗಿಂದ ತೆಗೆದಳು:
ಹಿತ್ತಾಳೆಯದು, ಅಂಚು ಸವೆದದ್ದು,
ಸಾಳಖಾತೆ, ಎರಡು ಸಾವಿರದ ಮುನ್ನೂರ ಹದಿನಾರು.
‘ಇದಕ್ಕ ಮದಲೇ ನಂಬರ್ ಐತ್ರಿ. ಇದನ್ನ ಬರಕೋರಿ.’

ವಾಘಮೋಡೆ ನಗಲು ಬಾಯಿ ತೆರೆದವನು
ಬಿಲ್ಲೆಯನ್ನು ಅಂಗೈಯಲ್ಲಿ ತಿರುವಿ ನೋಡಿದ,
ತಿರುವಿ ನೋಡಿದ.
‘ನಮ್ಮ ಯಾದಿಯಲ್ಲಿ ಇಲ್ಲ ಅವ್ವಾ.’
ಎರಡೂ ಕೈಯಿಂದ ಹಿಂದಕ್ಕೆ ಕೊಟ್ಟ.

ಅವಳು ಎರಡನ್ನೂ ಕಟ್ಟಿದಳು, ಹಿತ್ತಾಳೆ, ಅಲ್ಯೂಮಿನಿಯಂ.
ನಾಯಿ ಮೈ ಕೊಡವಿದಾಗ
ಅವು ಒಂದಕ್ಕೊಂದು ತಾಗಿದವು,
ಅಂಥ ದೊಡ್ಡ ಸದ್ದೇನಲ್ಲ.

ನನ್ನ ಇಪ್ಪತ್ತು ಬೇಡ ಅಂದೆ.
ನೋಟನ್ನು ನೀಟಾಗಿ ಮಡಚಿ
ಮಸಿಯ ಬಾಟಲಿಯ ಕೆಳಗಿಟ್ಟಳು:
‘ಮಾಫಿ ಬ್ಯಾಡ.’

ಹೋಗಿ ಆಗಲೇ ತಾಸಾಯಿತು.
ಖಾಲಿ ಅರ್ಜಿಗಳ ಗಂಟಿನ ಮೇಲೆ
ಬಾಲವನ್ನು ಮೂಗಿಗೆ ಸುತ್ತಿ ಬೆಕ್ಕು ಇಲ್ಲೇ ಮಲಗಿದೆ.
ಗಿರಾಕಿ ಬಂದರೆ ಬೇರೆ ಹಾಳೆ ಕೊಡುತ್ತಿದ್ದೇನೆ.
ಇನ್ನೂರನ್ನು ನಾಲ್ಕರಿಂದ ಭಾಗಿಸಿ ನೋಡಿದೆ, ಸುಮ್ಮನೆ.
ಏನೂ ಉಳಿಯುವುದಿಲ್ಲ,
ಬೆಕ್ಕಿನ ಎರಡು ಪೈಸೆ ಕೂಡ.