ರಿಪ್ಪನ್‌ಪೇಟೆಗೆ ತುಟಿ ಸಾಕು

ಆಯನೂರು ದಾಟಿದ ಮೇಲೊಂದು ತಿರುವು.
ಫುಟ್‌ಬೋರ್ಡಿನ ಮೇಲೆ ಹಿಂದಕ್ಕೆ ಮುಖ ಮಾಡಿ
ಚಿಲ್ಲರೆ ಎಣಿಸುತ್ತ ನಿಂತಿದ್ದೆ.
ಅಡ್ಡ ಬಂದದ್ದು ಎಮ್ಮೆಗರು.
ಗಫಾರಣ್ಣ ಒತ್ತಿದ ಬ್ರೇಕಿಗೆ ಕರು ಉಳಿಯಿತು,
ನನ್ನ ಮೇಲಿನ ಸಾಲಿನ ಮೂರು ಹಲ್ಲು
ಬಾಗಿಲ ಕಂಬಿಗೆ ಹೋದವು.

ಯಾರೋ ಹೆಕ್ಕಿ ಕೊಟ್ಟರು. ಒರೆಸಿ
ಟಿಕೆಟ್ ಚೀಲದ ನಾಣ್ಯದ ಖಾನೆಗೆ ಹಾಕಿಕೊಂಡೆ.
ಅರಸಾಳಿನಲ್ಲಿ ಇಳಿದ ಅಜ್ಜಿಗೆ
ಕತ್ತಲಲ್ಲಿ ಕೊಟ್ಟ ಚಿಲ್ಲರೆಯೊಳಗೆ ಒಂದು ಹೋಯಿತು.
ಮರುದಿನ ಅದೇ ಬಸ್ಸಿಗೆ ಕೈ ಅಡ್ಡ ಹಿಡಿದು
ವಾಪಸು ಕೊಟ್ಟಳು:
"ಇದು ನಡೆಯಲ್ಲ ಮಾರಾಯ, ಬೇರೆ ಕೊಡು."

ಹಲ್ಲು ಹೋದವರಿಗೆ ಮೊದಲು ಹೋಗುವುದು ನಗು ಅಂತಾರೆ.
ನನಗೆ ಹೋದದ್ದು ಸಿಳ್ಳೆ.
ಬೆರಳು ಬೇಡ, ನಾಲಿಗೆ ಮಡಚಿ ಹಲ್ಲಿನ ಹಿಂದಿಟ್ಟು ಊದಿದರೆ
ಒಂದಕ್ಕೆ ನಿಲ್ಲು, ಎರಡಕ್ಕೆ ಹೊರಡು,
ಮೂರಕ್ಕೆ ತಡಿ, ಹಿಂದೆ ಲಾರಿ ಇದೆ.
ಇಪ್ಪತ್ತೆರಡು ವರ್ಷ
ಗಫಾರಣ್ಣನೂ ನಾನೂ ಆಡಿದ ಮಾತು ಅಷ್ಟೇ.

ಈಗ ಬರೀ ಗಾಳಿ.
ತಗಡು ಬಡಿದೆ. ಕೂಗಿದೆ.
ರಿಪ್ಪನ್‌ಪೇಟೆಗೆ ತುಟಿ ಸಾಕು,
ಹೊಸನಗರಕ್ಕೆ ಹಲ್ಲು ಬೇಕು.
ಶಿವಮೊಗ್ಗದ ಸ್ಟ್ಯಾಂಡಿನಲ್ಲಿ ಹುಡುಗರು ನನ್ನೆದುರಿಗೇ
"ಹೊಹನಗರ, ಹೊಹನಗರ" ಅಂದರು.
ಕಟ್ಟಿಸಿಕೊಂಡ ಸೆಟ್ಟು
ಮೊದಲ ಸಿಳ್ಳೆಗೇ ಹಾರಿ ಮೀನಿನ ಬುಟ್ಟಿಗೆ ಬಿತ್ತು.
ತೊಳೆದೆ. ಮತ್ತೆ ಹಾಕಿಕೊಳ್ಳಲಿಲ್ಲ.

ಕೊನೇ ಟ್ರಿಪ್ಪು ಪೇಟೆವರೆಗೆ ಮಾತ್ರ.
ಅದಕ್ಕೆ ಮುಂಚಿನ ಇಳಿಜಾರಿನಲ್ಲಿ ನಮ್ಮ ಮನೆ.
ಅಲ್ಲಿ ಒಂದು ಉದ್ದ ಸಿಳ್ಳೆ, ಯಾವ ಸ್ಟಾಪಿನದೂ ಅಲ್ಲ.
ಅದು ಕೇಳಿದರೆ ಹೂವಮ್ಮ ಎಸರಿಗೆ ಅಕ್ಕಿ ಹಾಕುತ್ತಿದ್ದಳು.
ಲೆಕ್ಕ ಒಪ್ಪಿಸಿ ನಾನು ನಡೆದು ಬರುವ ಹೊತ್ತಿಗೆ
ಗಂಜಿ ಬಸಿದಿರುತ್ತಿತ್ತು.
ಸಿಳ್ಳೆ ನಿಂತ ವರ್ಷ ಅವಳು ಕುಕ್ಕರ್ ತಂದಳು.
ಏನೂ ಅನ್ನಲಿಲ್ಲ, ತಂದಳು.

ಆಮೇಲೆ ಚೀಟಿಯನ್ನೂ ಅವಳೇ ಎತ್ತಿದಳು.
ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರಲ್ಲ,
ನಾವು ಕಡಲೆ ಮಾರಿ ಹಲ್ಲು ತಂದವರು.

ದುರ್ಗಿಗುಡಿಯ ಮಹಡಿ ಮೇಲೆ ಡಾಕ್ಟರಮ್ಮ
ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದಳು:
ಹಲ್ಲಿಲ್ಲದ ಕಡೆ ದವಡೆ ಸವೆದಿತ್ತು
ಬಸ್ಸು ನಿಂತುಹೋದ ಊರಿನ ರಸ್ತೆಯ ಹಾಗೆ.
"ಎರಡು ಸ್ಕ್ರೂ, ಅದರ ಮೇಲೆ ಮೂರು ಹಲ್ಲು.
ಮೂಳೆ ಒಪ್ಪಿಕೊಳ್ಳೋಕೆ ನಾಲ್ಕು ತಿಂಗಳು ಬಿಡಬೇಕು."
ಹೆಣ್ಣು ತಂದವರಿಗೂ ಅಷ್ಟು ಟೈಮು ಕೊಡಲ್ಲ ಅಂದುಕೊಂಡೆ.

ಮರಗಟ್ಟಿದ ಬಾಯೊಳಗೆ
ಎಲ್ಲೋ ದೂರದ ಘಾಟಿಯನ್ನು
ಒಂದನೇ ಗೇರಿನಲ್ಲಿ ಹತ್ತುತ್ತಿರುವ ಲಾರಿ.
ನೋವಿಲ್ಲ, ಸದ್ದು.

ನಾಲ್ಕು ತಿಂಗಳು, ಮೇಲೊಂದು ಹನ್ನೆರಡು ದಿನ.
ಕನ್ನಡಿ ಕಡ್ಡಿಯ ಹಿಡಿಯಿಂದ ಡಾಕ್ಟರಮ್ಮ
ಆ ಲೋಹವನ್ನು ಮೆಲ್ಲಗೆ ಬಡಿದು ಕಿವಿಗೊಟ್ಟಳು,
ಗಫಾರಣ್ಣ ಬೆಳಿಗ್ಗೆ ರಾಡು ಹಿಡಿದು ಟೈರು ಬಡಿಯುವಂತೆಯೇ.
ಟಿಣ್.
"ಹಿಡ್ಕೊಂಡಿದೆ" ಅಂದಳು.
ಹಲ್ಲು ಕೂರಿಸಿದ ದಿನ ಇನ್ನೊಂದು ಮಾತು ಹೇಳಿದಳು:
"ಇದಕ್ಕೆ ನರ ಇಲ್ಲ. ಬಿಸಿ, ತಣ್ಣಗೆ ಹೇಳಲ್ಲ.
ಏನು ಕಚ್ಚಿದಿರಿ ಅಂತ ನಾಲಿಗೆನ ಕೇಳಿ."

ಮೊದಲ ಡ್ಯೂಟಿ. ಎರಡು ಊದಿದೆ. ಬಸ್ಸು ಹೊರಡಲಿಲ್ಲ.
ಗಫಾರಣ್ಣ ಕನ್ನಡಿಯಲ್ಲಿ ಹುಡುಕುತ್ತಿದ್ದ.
ಸ್ವರ ಸಣ್ಣದಾಗಿತ್ತು, ತುದಿ ಚೂಪು.
"ಯಾವನೋ ಹುಡುಗ ಆಟ ಆಡ್ತಿದಾನೆ ಅಂದ್ಕೊಂಡೆ ಕಣೋ."

ರಾತ್ರಿ ಇಳಿಜಾರಿನಲ್ಲಿ
ತಡೆಯದೆ ಒಂದಲ್ಲ, ಎರಡು ಊದಿಬಿಟ್ಟೆ.
ಲೆಕ್ಕ ಒಪ್ಪಿಸಿ, ಟಾರ್ಚೂ ಹಾಕದೆ
ಓಡೋಡಿ ಮನೆ ಸೇರಿದೆ.

ಬಡಿಸಿದಳು. ಕೂತೆ.
ಮುಂದಿನ ಹಲ್ಲಿಗೆ ಅದು ಅಕ್ಕಿಯೋ ಅನ್ನವೋ ತಿಳಿಯಲಿಲ್ಲ,
ಹಿಂದಿನ ಹಳಬರು ಹೇಳಿದವು.
ಕುಕ್ಕರ್ ಒಂದೇ ಸಲ ಕೂಗಿತ್ತಂತೆ.
ನನ್ನ ಎರಡನ್ನೂ ಸೇರಿಸಿ ಮೂರೆಂದು ಎಣಿಸಿ
ಒಲೆ ಆರಿಸಿದ್ದಳು.

ಕರಕರ ಅಗಿಯುತ್ತ ಇಬ್ಬರೂ ಸುಮ್ಮನೆ ಉಂಡೆವು.
ಮಜ್ಜಿಗೆ ಬಡಿಸುವಾಗ ಮುಖ ನೋಡದೆ ಅಂದಳು:
"ನಾಳೆಯಿಂದ ಇಬ್ಬರಲ್ಲಿ ಯಾರಾದರೂ ಒಬ್ಬರು ಊದಿ."